ಹುಳಿ ಮತ್ತು ಹಿತ್ತಾಳೆ ಪಾತ್ರೆ



ಹಬ್ಬ ಬಂತು ಅಂದರೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳು ಕೆಳಗೆ ಇಳಿಯುತ್ತವೆ. ಅವು ಕಪ್ಪಾಗಿರುತ್ತವೆ. ಅಲ್ಲಲ್ಲಿ ಹಸಿರು ಕಲೆ ಇರುತ್ತದೆ. ನೀವು ಏನು ಮಾಡುತ್ತೀರಿ? ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತೀರಿ. ಪಾತ್ರೆ ಫಳಫಳ ಹೊಳೆಯುತ್ತದೆ.

ಇದು ನಿಮಗೆ ಗೊತ್ತಿರುವ ವಿದ್ಯೆ. ಆದರೆ ಹೀಗೆ ಏಕೆ ಆಗುತ್ತದೆ? ಇದನ್ನು ತಿಳಿಸುವ ಶಾಸ್ತ್ರಕ್ಕೆ ರಸಾಯನಶಾಸ್ತ್ರ ಎಂದು ಹೆಸರು. ಬನ್ನಿ, ಅದರ ಒಂದು ಪಾಠ ಕಲಿಯೋಣ.

ಕಿಲುಬು ಎಂದರೇನು?

ತಾಮ್ರ ಮತ್ತು ಸತು, ಇವೆರಡನ್ನೂ ಕರಗಿಸಿ ಸೇರಿಸಿದರೆ ಹಿತ್ತಾಳೆ ಆಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಇದೆ. ಅದು ತಾಮ್ರದ ಜೊತೆ ಸೇರುತ್ತದೆ. ಆಗ ಪಾತ್ರೆ ಕಪ್ಪಾಗುತ್ತದೆ. ತೇವ, ಹುಳಿ ತಾಗಿದ ಕಡೆ ಹಸಿರು ಕಿಲುಬು ಕಟ್ಟುತ್ತದೆ. ಕಬ್ಬಿಣಕ್ಕೆ ತುಕ್ಕು ಇದ್ದ ಹಾಗೆ, ತಾಮ್ರಕ್ಕೆ ಕಿಲುಬು.

ಹುಳಿ ಏನು ಮಾಡುತ್ತದೆ?

ಹುಳಿ ಪದಾರ್ಥಗಳಲ್ಲಿ ಆಮ್ಲ ಇರುತ್ತದೆ. ಹುಣಸೆಯಲ್ಲಿ ಇರುವುದು ಟಾರ್ಟಾರಿಕ್ ಆಮ್ಲ. ನಿಂಬೆಯಲ್ಲಿ ಸಿಟ್ರಿಕ್ ಆಮ್ಲ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ಹೆಸರು ಬೇರೆ ಬೇರೆ. ಗುಣ ಒಂದೇ. ಆಮ್ಲವು ಕಿಲುಬನ್ನು ಕರಗಿಸುತ್ತದೆ. ಅದಕ್ಕೇ ಪಾತ್ರೆ ಹೊಳೆಯುತ್ತದೆ.

ಪಾತ್ರೆ ತಿಕ್ಕಿದ ನೀರನ್ನು ನಾವು ಚೆಲ್ಲುತ್ತೇವೆ. ಆದರೆ ಅದೇ ಪಾತ್ರೆಯಲ್ಲಿ ಹುಳಿಸಾರು ಮಾಡಿ ಇಟ್ಟರೆ? ಆಗಲೂ ತಾಮ್ರ ಕರಗುತ್ತದೆ. ಅದು ಸಾರಿಗೆ ಸೇರುತ್ತದೆ. ಸಾರಿನ ಜೊತೆ ನಮ್ಮ ಹೊಟ್ಟೆಗೆ ಹೋಗುತ್ತದೆ.

ತಾಮ್ರ ನಮ್ಮ ಮೈಗೆ ಬೇಕು. ಆದರೆ ತೀರ ಸ್ವಲ್ಪ ಸಾಕು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂಗಿಂತ ಹೆಚ್ಚು ತಾಮ್ರ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 2 ಮಿಲಿಗ್ರಾಂ ಎಂದರೆ ಸುಮಾರು ಒಂದು ಸಣ್ಣ ಸಾಸಿವೆ ಕಾಳಿನ ತೂಕ. ತಾಮ್ರ ಹೆಚ್ಚಾದರೆ ಹೊಟ್ಟೆ ತೊಳಸುತ್ತದೆ. ವಾಂತಿ, ಹೊಟ್ಟೆನೋವು, ಭೇದಿ ಆಗುತ್ತದೆ.

ಅತ್ತೆ ಸೊಸೆ ಮಾತು

ಸೊಸೆ: ಅತ್ತೆ, ಈ ಹಿತ್ತಾಳೆ ಪಾತ್ರೇಲಿ ಮಜ್ಜಿಗೆಹುಳಿ ಮಾಡ್ಲಾ?

ಅತ್ತೆ: ಮೊದಲು ಒಳಗೆ ನೋಡಮ್ಮ. ಬೆಳ್ಳಗಿದೆಯಾ, ಹಳದಿ ಕಾಣ್ತದಾ?

ಸೊಸೆ: ತಳದಲ್ಲಿ ಹಳದಿ ಕಾಣ್ತಿದೆ.

ಅತ್ತೆ: ಹಾಗಾದ್ರೆ ಬೇಡ. ಕಲಾಯಿ ಹೋಗಿದೆ. ಹುಳಿಗೆ ಕಿಲುಬು ಹಿಡೀತದೆ.

ಸೊಸೆ: ಹಿಂದೆ ಎಲ್ಲಾರೂ ಇಂಥ ಪಾತ್ರೇಲೇ ಮಾಡ್ತಿದ್ರಲ್ಲಾ?

ಅತ್ತೆ: ಮಾಡ್ತಿದ್ರು. ಆಗ ಕಲಾಯಿಯವನು ಬೀದಿಗೇ ಬರ್ತಿದ್ದ. ಸವೆದಾಗೆಲ್ಲ ಹಾಕಿಸ್ತಿದ್ವಿ. ಈಗ ಪಾತ್ರೆ ಇದೆ, ಕಲಾಯಿಯವನು ಸಿಗೋದು ಕಷ್ಟ.

ಕಲಾಯಿ ಎಂದರೇನು?

ಕಲಾಯಿ ಎಂದರೆ ತವರದ ತೆಳು ಲೇಪ. ಅದು ಹುಳಿಗೂ ಹಿತ್ತಾಳೆಗೂ ನಡುವೆ ಗೋಡೆಯ ಹಾಗೆ ನಿಲ್ಲುತ್ತದೆ. ಹುಳಿಗೆ ತವರ ಅಷ್ಟು ಬೇಗ ಕರಗುವುದಿಲ್ಲ. ಆದರೆ ತವರಕ್ಕೆ ಬೆಂಕಿ ಆಗದು. 232 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅದು ಕರಗುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ. ಪಾತ್ರೆಯಲ್ಲಿ ನೀರು ಇರುವ ತನಕ ಕಲಾಯಿ ಕರಗುವುದಿಲ್ಲ. ಬರಿದಾದ ಪಾತ್ರೆಯನ್ನು ಒಲೆಯ ಮೇಲೆ ಬಿಟ್ಟರೆ ಕಲಾಯಿ ಹಾಳು.

ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಕೇಳಿ. ಕೆಲವರು ತವರಕ್ಕೆ ಸೀಸ ಬೆರೆಸುತ್ತಾರೆ. ಸೀಸ ವಿಷ. ಅದು ಮಕ್ಕಳ ಮಿದುಳಿನ ಬೆಳವಣಿಗೆ ಕೆಡಿಸುತ್ತದೆ.

ಯಾವ ಪಾತ್ರೆಗೆ ಹುಳಿ ಹಾಕಬಹುದು?

ಪಿಂಗಾಣಿ ಜಾಡಿ, ಗಾಜಿನ ಸೀಸೆ: ಹುಳಿ ಇವನ್ನು ಕರಗಿಸದು. ಅದಕ್ಕೇ ಉಪ್ಪಿನಕಾಯಿ ಜಾಡಿಯಲ್ಲಿ ಇಡುತ್ತೇವೆ.

ಸ್ಟೀಲ್ ಪಾತ್ರೆ: ಇದರಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ ಇದೆ. ಅದು ಪಾತ್ರೆಯ ಮೇಲೆ ಕಣ್ಣಿಗೆ ಕಾಣದ ಪದರ ಕಟ್ಟುತ್ತದೆ. ಅಡುಗೆಗೆ ಒಳ್ಳೆಯದು.

ಅಲ್ಯೂಮಿನಿಯಂ ಪಾತ್ರೆ: ಹುಳಿಗೆ ಇದು ಸವೆಯುತ್ತದೆ. ಹುಳಿ ಅಡುಗೆ, ಮೊಸರು ಇಡಬೇಡಿ.

ಕಬ್ಬಿಣದ ಬಾಣಲೆ: ಹುಳಿ ಹಾಕಿದರೆ ಸ್ವಲ್ಪ ಕಬ್ಬಿಣ ಅಡುಗೆಗೆ ಸೇರುತ್ತದೆ. ರಕ್ತಕ್ಕೆ ಕಬ್ಬಿಣ ಬೇಕು. ಅಡುಗೆ ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಅಲ್ಲೇ ಬಿಟ್ಟರೆ ಕಪ್ಪಾಗುತ್ತದೆ, ರುಚಿ ಕೆಡುತ್ತದೆ.

ತಾಮ್ರ, ಹಿತ್ತಾಳೆ: ಚೆನ್ನಾಗಿ ತೊಳೆದ ಬಿಂದಿಗೆಯಲ್ಲಿ ಬರೀ ನೀರು ಇಡಬಹುದು. ನಿಂಬೆಪಾನಕ, ಮಜ್ಜಿಗೆ ಬೇಡ.

ಮಾಡಿ ನೋಡಿ

ಕಪ್ಪಾದ ಹಿತ್ತಾಳೆ ಚೊಂಬು ತೆಗೆದುಕೊಳ್ಳಿ. ಹೊರಗಡೆ ಒಂದು ಭಾಗಕ್ಕೆ ಹುಣಸೆರಸ ಹಚ್ಚಿ. ಇನ್ನೊಂದು ಭಾಗಕ್ಕೆ ನೀರು ಹಚ್ಚಿ. ಹತ್ತು ನಿಮಿಷ ಬಿಟ್ಟು ಒರೆಸಿ. ಯಾವ ಭಾಗ ಹೊಳೆಯಿತು? ಹೋದ ಕಪ್ಪು ಎಲ್ಲಿ ಸೇರಿತು? ಒರೆಸಿದ ಬಟ್ಟೆ ನೋಡಿ.

ನೆನಪಿಡಿ

ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಅಡುಗೆ ಮಾಡಬೇಡಿ, ಇಡಬೇಡಿ.

ಹಸಿರು ಕಂಡರೆ, ಬಾಯಿಗೆ ಒಗರು ಅನಿಸಿದರೆ, ಆ ಅಡುಗೆ ಚೆಲ್ಲಿಬಿಡಿ. ಅನ್ನ ಚೆಲ್ಲಲು ಮನಸ್ಸು ಬಾರದು, ನಿಜ. ಆದರೂ ಚೆಲ್ಲಿ.

ಉಂಡ ಮೇಲೆ ಮನೆಯಲ್ಲಿ ಹಲವರಿಗೆ ಒಟ್ಟಿಗೇ ವಾಂತಿ ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಯಾವ ಪಾತ್ರೆಯಲ್ಲಿ ಅಡುಗೆ ಆಗಿತ್ತು ಎಂದೂ ಡಾಕ್ಟರಿಗೆ ಹೇಳಿ.

ಮದುವೆಗೆ, ಜಾತ್ರೆಗೆ ದೊಡ್ಡ ಕೊಪ್ಪರಿಗೆ ತರುತ್ತಾರೆ. ನೂರಾರು ಜನ ಉಣ್ಣುತ್ತಾರೆ. ಒಲೆಗೆ ಏರಿಸುವ ಮೊದಲು ನೀವೇ ಒಳಗೆ ಬಗ್ಗಿ ನೋಡಿ. ಹಳದಿ ಕಂಡರೆ "ಇದರಲ್ಲಿ ಹುಳಿ ಬೇಡ" ಎಂದು ಹೇಳಿ. ಹೇಳಲು ಸಂಕೋಚ ಬೇಡ. ಏಕೆ ಎಂದು ಕೇಳಿದರೆ ಉತ್ತರ ಈಗ ನಿಮಗೆ ಗೊತ್ತು.

ಉತ್ತರ ಬರೆಯಿರಿ

1. ಹಿತ್ತಾಳೆಯಲ್ಲಿ ಇರುವ ಎರಡು ಲೋಹ ಯಾವುವು?
2. ಕಲಾಯಿಗೆ ಯಾವ ಲೋಹ ಬಳಸುತ್ತಾರೆ?
3. ನಿಮ್ಮ ಮನೆಯಲ್ಲಿ ಮೊಸರನ್ನು ಯಾವ ಪಾತ್ರೆಯಲ್ಲಿ ಇಡುತ್ತೀರಿ? ಅದು ಸರಿಯೇ?