ಮಕ್ಕಳನ್ನು ಕಾಯುವದರಲ್ಲಿ ಊರ ಪಂಚಾಯತಿಯ ಕೆಲಸ

ಊರಲ್ಲಿ ಒಂದು ಮಗುವಿಗೆ ಕೇಡಾಯಿತೆಂಬ ಗುಸುಗುಸು ಹುಟ್ಟಿದರೆ ಹಿರಿಯರು ಮೊದಲು ಮಾಡುವದೇನು? ಬಾಗಲು ಹಾಕಿಕೊಂಡು ಕೂತು, ಎರಡು ಮನೆಯವರನ್ನೂ ಕರಿಸಿ, ತಪ್ಪುದಂಡ ಕಟ್ಟಿಸಿ, ರಾಜಿ ಮಾಡಿಸಿ, ಮಾತನ್ನು ಅಲ್ಲಿಯೇ ಹೂಳಿಬಿಡುವರು. ಕೆಲವು ಕಡೆಗಳಲ್ಲಿ ಕೇಡು ಮಾಡಿದವನಿಗೇ ಆ ಹುಡುಗಿಯನ್ನು ಕೊಟ್ಟು ಮದುವೆ ಮಾಡುವದೂ ಉಂಟು. ಇದರಿಂದ ಊರಿನ ಮಾನ ಉಳಿಯಿತೆಂದು ಅವರ ಎಣಿಕೆ. ಮಗುವಿನ ಗತಿ ಏನಾಯಿತೆಂದು ಕೇಳುವವರಿಲ್ಲ. ಕೇಡು ಮಾಡಿದವನು ಅದೇ ಬೀದಿಯಲ್ಲಿ ತಿರುಗುತ್ತಾನೆ. ಅವನನ್ನು ಅದು ದಿನಾಲು ನೋಡಬೇಕಾಗುತ್ತದೆ.

ಇಂಥ ರಾಜಿಯು ಕಾನೂನಿಗೂ ವಿರುದ್ಧವಾದದ್ದೇ. 2012ನೇ ಇಸವಿ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯಿದೆಯ ಪ್ರಕಾರ, 18 ವರುಷ ತುಂಬದ ಯಾವ ಮಗುವಿಗಾದರೂ ಲೈಂಗಿಕ ಹಿಂಸೆಯಾಯಿತೆಂದು ಬಲ್ಲವನೂ ಆದೀತೆಂದು ಅಂಜುವವನೂ ಪೊಲೀಸರಿಗೆ ತಿಳಿಸಲೇ ಬೇಕು. ಆದ ಅಪರಾಧವನ್ನು ಬಲ್ಲ ದೊಡ್ಡವನು ತಿಳಿಸದೆ ಸುಮ್ಮನಿದ್ದರೆ ಅವನಿಗೆ 6 ತಿಂಗಳ ವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಒಂದು ಸಂಸ್ಥೆಯ ಮುಖ್ಯಸ್ಥನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಸೆರೆಯು 1 ವರುಷದ ವರೆಗೆ ಹೋಗಬಹುದು. ಶಾಲೆಗೂ ವಿದ್ಯಾರ್ಥಿನಿಲಯಕ್ಕೂ ಇರುವ ಈ ಮಾತು ನಮ್ಮ ಆದಿತ್ಯವಾರದ ಶಾಲೆಗಿಲ್ಲವೆಂದು ಯಾರೂ ತಿಳುಕೊಳ್ಳಬಾರದು. ಒಳ್ಳೇ ಮನಸ್ಸಿನಿಂದ ತಿಳಿಸಿದವನಿಗಾದರೋ ಯಾವ ತೊಡಕೂ ಇಲ್ಲ. ಇನ್ನು ಮದುವೆಯ ಉಪಾಯವೂ ನಿಲ್ಲದು. ಕರ್ನಾಟಕವು 2016ರಲ್ಲಿ ಮಾಡಿದ ತಿದ್ದುಪಡಿಯ ಮೇರೆಗೆ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು.

ಹಾಗಾದರೆ ಪಂಚಾಯತಿಗೆ ಉಳಿದ ಕೆಲಸವೇನೆಂದು ಕೇಳುವಿರೋ? ನ್ಯಾಯ ತೀರಿಸುವದು ಅದರ ಕೆಲಸವಲ್ಲ. ಮುಂಚಿತವಾಗಿ ನೋಡಿ ಕಾಯುವದೇ ಅದರ ಕೆಲಸ. 2009ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಊರೂರಿಗೆ ಒಂದು ಸಮಿತಿಯಿರಬೇಕೆಂದು ಹೇಳಿತ್ತು. ಗ್ರಾಮ ಪಂಚಾಯತಿಯ ಅಧ್ಯಕ್ಷರು ಅದರ ಮುಖ್ಯಸ್ಥರು. ಶಾಲೆಯ ಉಪಾಧ್ಯಾಯರು, ಅಂಗನವಾಡಿಯ ಕಾರ್ಯಕರ್ತೆ, ದಾದಿ, ಊರಿನ ಗೌರವಸ್ಥರು, ಇವರ ಸಂಗಡ ಇಬ್ಬರು ಮಕ್ಕಳೂ ಸದಸ್ಯರು. ಆ ಯೋಜನೆಯನ್ನು ಈಗ ಮಿಷನ್ ವಾತ್ಸಲ್ಯವೆಂದು ಕರೆಯುತ್ತಾರೆ.

ಇಷ್ಟು ಬೇರೆ ಬೇರೆ ಜನರನ್ನು ಒಂದೇ ಚಾಪೆಯ ಮೇಲೆ ಕೂರಿಸುವದು ಯಾತಕ್ಕೆ? ಒಂದು ದೃಷ್ಟಾಂತ ಹೇಳುವೆನು. ಹನ್ನೊಂದು ವರುಷದ ಒಬ್ಬ ಹುಡುಗಿಯು ವಾರಕ್ಕೆ ಎರಡು ದಿನ ಶಾಲೆಗೆ ಬರುವದಿಲ್ಲ. ಇದು ಉಪಾಧ್ಯಾಯರಿಗೆ ಮಾತ್ರ ಗೊತ್ತು. ಅವಳಿಗೆ ಪದೇ ಪದೇ ಹೊಟ್ಟೆನೋವೆಂದು ಆಶಾ ಕಾರ್ಯಕರ್ತೆಗೆ ಗೊತ್ತು. ತಾಯಿ ಕೂಲಿಗೆ ಹೋದಾಗ ಮನೆಯಲ್ಲಿ ಒಬ್ಬ ನೆಂಟನು ಇರುತ್ತಾನೆಂದು ನೆರೆಯವಳಿಗೆ ಗೊತ್ತು. ಒಂದೊಂದಾಗಿ ನೋಡಿದರೆ ಇವು ಸಣ್ಣ ಸಂಗತಿಗಳು. ಮೂರನ್ನೂ ಕೂಡಿಸಿದರೆ ಯಾವ ತಾಯಿಯಾದರೂ ಎದ್ದು ನಿಲ್ಲುವಳು. ಕೂಡಿಸುವವರಿಲ್ಲದ್ದರಿಂದಲೇ ಕೇಡು ವರುಷಗಟ್ಟಲೆ ನಡೆಯುತ್ತದೆ. ಭಾರತ ಸರಕಾರವು 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ವಿಚಾರಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 53 ಮಕ್ಕಳು ಒಂದಿಲ್ಲೊಂದು ವಿಧದ ಲೈಂಗಿಕ ಹಿಂಸೆಯನ್ನು ಹೇಳಿಕೊಂಡರು. ಹಿಂಸಿಸಿದವರಲ್ಲಿ ಅರ್ಧದಷ್ಟು ಜನರು ಮಗುವಿಗೆ ಪರಿಚಯವಿದ್ದವರು, ನಂಬಿಕೆಗೆ ಪಾತ್ರರಾದವರು. ಬಹು ಮಂದಿ ಮಕ್ಕಳು ಅದನ್ನು ಯಾರಿಗೂ ತಿಳಿಸಿರಲಿಲ್ಲ. ಕಳ್ಳನು ಹೊರಗಿಂದ ಬರುವನೆಂದು ಊರಬಾಗಲನ್ನೇ ಕಾಯುವವರು ಇದನ್ನು ಯೋಚಿಸಲಿ.

ಮಕ್ಕಳ ಮಾತನ್ನು ಕೇಳುವದಕ್ಕೆ ನಮ್ಮ ನಾಡಿನಲ್ಲಿ ಒಂದು ಒಳ್ಳೇ ಪದ್ಧತಿಯುಂಟು. ಕುಂದಾಪುರ ತಾಲೂಕಿನಲ್ಲಿ 1995ರಲ್ಲಿ ದುಡಿಯುವ ಮಕ್ಕಳೂ ಶಾಲೆಯ ಮಕ್ಕಳೂ ಕೂಡಿ ಮಕ್ಕಳ ಪಂಚಾಯತಿಗಳನ್ನು ನಡಿಸತೊಡಗಿದರು. 2006ರಲ್ಲಿ ರಾಜ್ಯ ಸರಕಾರವು ಪ್ರತಿ ಗ್ರಾಮ ಪಂಚಾಯತಿಯೂ ವರುಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ಕೂಡಿಸಬೇಕೆಂದು ಆಜ್ಞೆ ಮಾಡಿತು. ಚಿಲಕವಿಲ್ಲದ ಕಕ್ಕಸು, ದೀಪವಿಲ್ಲದ ಓಣಿ, ಶಾಲೆಯ ದಾರಿಯಲ್ಲಿ ಕುಡುಕರು ಕೂಡುವ ಕಟ್ಟೆ, ಇವು ದೊಡ್ಡವರ ಕಣ್ಣಿಗೆ ಬೀಳವು. ಅಲ್ಲಿ ಹೆದರಿ ನಡೆಯುವ ಮಗುವಿಗೆ ಗೊತ್ತು. ದೀಪ ಹಾಕಿಸುವ ಅಧಿಕಾರ ಉಪಾಧ್ಯಾಯರಿಗಿಲ್ಲ, ಪಂಚಾಯತಿಗುಂಟು. ಕಕ್ಕಸಿನ ಚಿಲಕವನ್ನು ಶಾಲಾಭಿವೃದ್ಧಿ ಸಮಿತಿಯವರು ಒಂದೇ ದಿನದಲ್ಲಿ ಹಾಕಿಸಬಲ್ಲರು. ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ, ದೊಡ್ಡವರೇ ಭಾಷಣ ಮಾಡಿ, ಮಿಠಾಯಿ ಹಂಚಿ ಕಳುಹಿಸುವ ಸಭೆಯಿಂದ ಮಾತ್ರ ಏನೂ ಆಗದು.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಕೂಡಿ ಕೆಲಸ ಮಾಡುವದೆಂದರೆ ಕೂಡಿ ಆಡಿಕೊಳ್ಳುವದಲ್ಲ. ಓಣಿ, ದಾರಿ, ಗೈರುಹಾಜರಿ ಇವುಗಳನ್ನು ಸಭೆಯಲ್ಲಿ ಮಾತಾಡಬಹುದು. ಕೇಡಾದ ಮಗುವಿನ ಹೆಸರನ್ನು ಸಭೆಯಲ್ಲಿ ಎತ್ತಬಾರದು, ನಡವಳಿ ಪುಸ್ತಕದಲ್ಲಿ ಬರೆಯಲೂ ಬಾರದು. ಅದನ್ನು ತಿಳಿದವರು ನೇರವಾಗಿ ಠಾಣೆಗೆ, ಇಲ್ಲವೆ ಮಕ್ಕಳ ಸಹಾಯವಾಣಿಗೆ ತಿಳಿಸತಕ್ಕದ್ದು. ಮಗುವನ್ನು ಠಾಣೆಗೆ ಎಳೆದಾಡುವರೆಂಬ ಭಯವು ಬೇಡ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ, ಇಲ್ಲವೆ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದ ಮಟ್ಟಿಗೆ ಸಬ್‌ಇನ್ಸ್‌ಪೆಕ್ಟರಳಿಗೆ ಕಡಿಮೆಯಲ್ಲದ ಸ್ತ್ರೀ ಅಧಿಕಾರಿಯು, ಪೊಲೀಸು ಉಡುಪನ್ನು ತೊಡದೆ ಬರಕೊಳ್ಳಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಕೂಡದು. ಆಸರೆ ಬೇಕಾದ ಮಗುವಿನ ಸಂಗತಿಯನ್ನು 24 ತಾಸುಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ಮುಟ್ಟಿಸಬೇಕು.

ಮಗುವು ನಿಮಗೇ ಹೇಳಿಕೊಂಡರೆ ಬೈಯಬೇಡಿರಿ, ತಿರಿಗಿ ತಿರಿಗಿ ಕೇಳಬೇಡಿರಿ. ಹೇಳಿದ್ದು ಒಳ್ಳೇದಾಯಿತೆಂದು ಹೇಳಿ, ಅದು ಆಡಿದ ಮಾತುಗಳನ್ನೇ ನೆನಪಿನಲ್ಲಿಡಿರಿ. ಸಹಾಯವಾಣಿಯ ಅಂಕೆ 1098. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಇದು ಹಗಲೂ ರಾತ್ರಿಯೂ ಉಂಟು, ಕರೆಗೆ ಕಾಸು ತಗಲದು. ಪಂಚಾಯತಿಯವರು ಇದನ್ನು ಕಚೇರಿಯ ಒಳಗೋಡೆಯ ಮೇಲೆ ಅಂಟಿಸುವದಕ್ಕಿಂತ ಶಾಲೆಯ ಗೋಡೆಯ ಮೇಲೆ, ಮೂರನೇ ತರಗತಿಯ ಮಗುವಿನ ಕಣ್ಣಿಗೆ ನಿಲುಕುವಷ್ಟು ಎತ್ತರದಲ್ಲಿ ಬರಸಿದರೆ ಒಳ್ಳೇದು.