ಮೊದಲ ಚೀಟಿಯಲ್ಲೇ ನಿಜ ಬರೆಸಿ

ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಪ್ರೆಸ್ ಮೆಷಿನ್‌ಗೆ ಬೆರಳು ಸಿಕ್ಕಿತೆನ್ನಿ. ಆಸ್ಪತ್ರೆಗೆ ಕರೆದೊಯ್ಯುವ ಸೂಪರ್‌ವೈಸರ್ ದಾರಿಯಲ್ಲಿ, ‘ಮನೇಲಿ ಬಾಗಿಲಿಗೆ ಸಿಕ್ಕಿತು ಅಂತ ಹೇಳಪ್ಪ, ಖರ್ಚು ನಾವೇ ನೋಡ್ಕೋತೀವಿ’ ಅನ್ನಬಹುದು. ಒಪ್ಪಬೇಡಿ. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಮೆಷಿನ್‌ನಲ್ಲಿ ಎಂಬುದನ್ನು ವೈದ್ಯರ ಮೊದಲ ಚೀಟಿಯಲ್ಲೇ ಬರೆಸಿ. ಆಮೇಲೆ ತಿದ್ದಿಸುವುದು ಹರಸಾಹಸ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲೂ ದಾಖಲಾಗಲಿ, ಅದರ ಫೋಟೊ ನಿಮ್ಮ ಮೊಬೈಲ್‌ನಲ್ಲಿರಲಿ. ಇಎಸ್‌ಐ ಇದ್ದು ಕನಿಷ್ಠ 3 ದಿನ ಕೆಲಸ ತಪ್ಪಿದರೆ, ವೈದ್ಯರ ಸರ್ಟಿಫಿಕೇಟಿನ ಮೇಲೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ನಿನ್ನೆ ಮೊನ್ನೆ ಸೇರಿದವರಿಗೂ ಉಂಟು; ಕೆಲಸದ ಗಾಯಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಗಾಯ ಪೂರ್ತಿ ಮಾಯುವ ಮುನ್ನ ‘ಎಲ್ಲ ಚುಕ್ತಾ’ ಎಂಬ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ, ಎಷ್ಟೇ ಬೇಕಾದವರು ಕೇಳಿದರೂ.