ನೆವಾಡಾದ ಐದು ನೆರೆರಾಜ್ಯಗಳು: ಬಣ್ಣ ತುಂಬುವುದರಿಂದ ಸಾಧನೆಯ ಕಡೆಗೆ

ತರಗತಿ: 9  ವಿಷಯ: ಗಣಿತ (ಪೂರಕ ಚಟುವಟಿಕೆ)  ಅವಧಿ: 40 ನಿಮಿಷ

ಉದ್ದೇಶ: ‘ಪ್ರಯತ್ನಿಸಿದೆ, ಆಗಲಿಲ್ಲ’ ಎನ್ನುವುದಕ್ಕೂ ‘ಇದು ಅಸಾಧ್ಯ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗುರುತಿಸುತ್ತಾರೆ.

ಸಾಮಗ್ರಿ: ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳ ನಕ್ಷೆ, ಪ್ರತಿ ಗುಂಪಿಗೆ ಕೆಂಪು, ಹಸಿರು, ಹಳದಿ ಬಣ್ಣದ ಕಡ್ಡಿಗಳು.

ಈ ನಕ್ಷೆಯೇ ಏಕೆ? ಪರಿಚಿತ ನಕ್ಷೆಯಾದರೆ ಮಕ್ಕಳು ನೆನಪಿನಿಂದ ಉತ್ತರಿಸುತ್ತಾರೆ. ಅಪರಿಚಿತವಾದರೆ ಗಡಿಯನ್ನು ಬೆರಳಿಟ್ಟು ನೋಡಲೇಬೇಕು. ವೈವಿಧ್ಯವೂ ಸಾಕಷ್ಟಿದೆ. ಟೆನೆಸ್ಸೀ ಮತ್ತು ಮಿಸ್ಸೌರಿಗೆ ತಲಾ ಎಂಟು ನೆರೆರಾಜ್ಯಗಳು. ಮೇನ್‌ಗೆ ನ್ಯೂ ಹ್ಯಾಂಪ್‌ಶೈರ್ ಒಂದೇ. ಅಲಾಸ್ಕಾ, ಹವಾಯಿಗಳಿಗೆ ಒಂದೂ ಇಲ್ಲ.

ಹಂತ 1: ವ್ಯಾಖ್ಯೆ. ಯೂಟಾ, ಕೊಲೊರಾಡೊ, ನ್ಯೂ ಮೆಕ್ಸಿಕೊ, ಅರಿಜೋನಾ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಯೂಟಾಕ್ಕೆ ನ್ಯೂ ಮೆಕ್ಸಿಕೊ ನೆರೆರಾಜ್ಯವೇ? ಚರ್ಚೆಯ ನಂತರ, ‘ರೇಖೆಯಾಗಿ ಗಡಿ ಹಂಚಿಕೊಂಡರೆ ಮಾತ್ರ ನೆರೆರಾಜ್ಯ’ ಎಂದು ತರಗತಿ ಒಪ್ಪಿಕೊಳ್ಳಲಿ.

ಹಂತ 2: ಕೋಷ್ಟಕ. ನೆವಾಡಾ ಮತ್ತು ಅದರ ನೆರೆಯ ಒರೆಗಾನ್, ಐಡಹೊ, ಯೂಟಾ, ಅರಿಜೋನಾ, ಕ್ಯಾಲಿಫೋರ್ನಿಯಾ – ಈ ಆರರೊಳಗೆ ಮಾತ್ರ ಯಾವುದಕ್ಕೆ ಎಷ್ಟು ನೆರೆಯವು ಎಂದು ಬರೆಯಿಸಬೇಕು. ನೆವಾಡಾಕ್ಕೆ 5, ಉಳಿದವಕ್ಕೆ ತಲಾ 3, ಮೊತ್ತ 20. ಪ್ರತಿ ಗಡಿಯನ್ನು ಎರಡೂ ಕಡೆಯಿಂದ ಎಣಿಸಿರುವುದರಿಂದ ಗಡಿಗಳು 10. ಮೊತ್ತ ಬೆಸಸಂಖ್ಯೆ ಬಂದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದು ಮಕ್ಕಳೇ ಕಂಡುಕೊಳ್ಳಬಹುದು.

ಹಂತ 3: ಮೂರು ಬಣ್ಣ. ನೆರೆರಾಜ್ಯಗಳಿಗೆ ಒಂದೇ ಬಣ್ಣ ಬರದಂತೆ ಈ ಆರಕ್ಕೂ ಬಣ್ಣ ತುಂಬಲು ಹೇಳಿದೆ. ಕೆಲವೇ ನಿಮಿಷಗಳಲ್ಲಿ “ಇನ್ನೊಂದು ಹಾಳೆ ಕೊಡಿ ಟೀಚರ್” ಎಂಬ ಬೇಡಿಕೆ ಶುರುವಾಯಿತು. ಹತ್ತು ಹಾಳೆ ಕೆಟ್ಟರೂ ಹನ್ನೊಂದನೆಯದರಲ್ಲಿ ಆಗಬಹುದಲ್ಲವೇ ಎಂದು ಕೇಳಬೇಕಾದ ಸಮಯ ಇದೇ.

ಹಂತ 4: ಸಾಧನೆ. ನೆವಾಡಾಕ್ಕೆ ಕೆಂಪು ಕೊಟ್ಟರೆ ಐದು ನೆರೆಯವಕ್ಕೂ ಕೆಂಪು ನಿಷಿದ್ಧ. ಉಳಿಯುವುದು ಎರಡೇ ಬಣ್ಣ. ಒರೆಗಾನ್ ಹಸಿರಾದರೆ ಐಡಹೊ ಹಳದಿ, ಯೂಟಾ ಹಸಿರು, ಅರಿಜೋನಾ ಹಳದಿ. ಕ್ಯಾಲಿಫೋರ್ನಿಯಾದ ಒಂದು ಬದಿಗೆ ಹಳದಿ ಅರಿಜೋನಾ, ಇನ್ನೊಂದು ಬದಿಗೆ ಹಸಿರು ಒರೆಗಾನ್. ಅದಕ್ಕೆ ಬಣ್ಣವೇ ಇಲ್ಲ!

“ಒರೆಗಾನ್‌ಗೆ ಹಳದಿ ಕೊಟ್ಟು ಶುರುಮಾಡಿದರೆ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇಡೀ ಪಾಠದ ಅತ್ಯುತ್ತಮ ಪ್ರಶ್ನೆ ಇದು. ಬಣ್ಣಗಳು ಅದಲುಬದಲಾಗುತ್ತವೆ, ತೊಡಕು ಹಾಗೇ ಉಳಿಯುತ್ತದೆ. ಏಕೆಂದರೆ ಸುತ್ತಲಿನ ರಾಜ್ಯಗಳ ಸಂಖ್ಯೆ ಐದು, ಅಂದರೆ ಬೆಸ.

ಮೌಲ್ಯಮಾಪನ: ವ್ಯೋಮಿಂಗ್ ಸುತ್ತ ಆರು ರಾಜ್ಯಗಳು, ವೆಸ್ಟ್ ವರ್ಜೀನಿಯಾ ಸುತ್ತ ಐದು. ಎಲ್ಲಿ ಮೂರು ಬಣ್ಣ ಸಾಕು, ಎಲ್ಲಿ ಸಾಲದು? ಬಣ್ಣ ತುಂಬದೆ ಕಾರಣ ಬರೆಯಿರಿ.

ವಿಸ್ತರಣೆ: ಸಮತಲದ ಯಾವುದೇ ನಕ್ಷೆಗೂ ನಾಲ್ಕು ಬಣ್ಣ ಸಾಕೇ ಎಂಬ ಪ್ರಶ್ನೆಯನ್ನು 1852ರಲ್ಲಿ ಫ್ರಾನ್ಸಿಸ್ ಗತ್ರಿ ಎತ್ತಿದರು. ಕೆನೆತ್ ಅಪೆಲ್ ಮತ್ತು ವೋಲ್ಫ್‌ಗ್ಯಾಂಗ್ ಹಾಕೆನ್ 1976ರಲ್ಲಿ ಕಂಪ್ಯೂಟರ್ ನೆರವಿನಿಂದ ‘ಸಾಕು’ ಎಂದು ಸಾಧಿಸಿದರು. ನೆವಾಡಾ ತೋರಿಸುವುದು ಮೂರು ಸಾಲದು ಎಂಬುದನ್ನಷ್ಟೇ. ಎಲ್ಲ ನಕ್ಷೆಗೂ ನಾಲ್ಕು ಸಾಕು ಎಂಬುದು ಬೇರೆಯೇ ಹೇಳಿಕೆ. ಇವೆರಡನ್ನೂ ಮಕ್ಕಳು ಬೆರೆಸದಂತೆ ನೋಡಿಕೊಳ್ಳಬೇಕು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ: ನೀಲಿ ಕಡ್ಡಿಯನ್ನು ಮೊದಲೇ ಹಂಚಬೇಡಿ. ಮೂರು ಬಣ್ಣ ಏಕೆ ಸಾಲದು ಎಂಬುದನ್ನು ಮಕ್ಕಳು ತಮ್ಮ ಮಾತಿನಲ್ಲಿ ಹೇಳಿದ ಮೇಲೆ ಕೊಡಿ. ಆಗ ಅವರು ಕ್ಯಾಲಿಫೋರ್ನಿಯಾಕ್ಕೆ ತುಂಬುವ ನೀಲಿಗೆ ಅರ್ಥವಿರುತ್ತದೆ.